ಸಂಗೀತ ಕುರ್ಚಿಯ ಕಾರ್ಯದರ್ಶಿ

ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದ ಕೊಟ್ರಪ್ಪ ನಗುವುದನ್ನು ಅಭ್ಯಾಸ ಮಾಡುತ್ತಿದ್ದ. ಬೊಂಬಾಯಿಯ ಸಾಹೇಬರಿಗೆ ಹಾರ ಹಾಕುವಾಗ ಎಷ್ಟು ನಗಬೇಕು, ಹಲ್ಲು ಕಾಣಿಸಬೇಕೋ ಬೇಡವೋ, ಹಾರ ಹಾಕುವ ಮೊದಲೇ ನಗಬೇಕೋ ಹಾಕಿದ ಮೇಲೋ ಎಂಬುದು ಅವನಿಗೆ ಇನ್ನೂ ಇತ್ಯರ್ಥವಾಗಿರಲಿಲ್ಲ. ನೊರೆಯ ನಡುವೆ ತೆರೆದುಕೊಂಡ ಬಾಯಿ ತನ್ನದಲ್ಲ, ಹಲ್ಲು ಕೀಳಿಸಿಕೊಳ್ಳಲು ಕೂತ ಯಾರದೋ ಬಾಯಿ ಅನ್ನಿಸಿತು. ಬಾಯಿ ಮುಚ್ಚಿದ. ಮುಚ್ಚಿದ ಮೇಲೆ ಕಂಡ ಮುಖ ಇನ್ನೂ ಕೆಟ್ಟದಾಗಿತ್ತು. ಅದು ವಿಮಾ ಕಂಪನಿಯೊಂದರ ನುಂಗಂಬಾಕ್ಕಂ ಆಫೀಸಿನ ಕ್ಲೇಮು ವಿಭಾಗದಲ್ಲಿ ಸುಟ್ಟ ಗೋಡೌನು, ಮುಳುಗಿದ ದೋಣಿ, ಲಾರಿಗೆ ಸಿಕ್ಕ ಸ್ಕೂಟರುಗಳ ನಡುವೆ ವಯಸ್ಸಾಗುತ್ತಿದ್ದ ಗುಮಾಸ್ತನ ಮುಖ. ಆದರೆ ಆಫೀಸಿನಲ್ಲಿ ಯಾರೂ ಅವನನ್ನು ಗುಮಾಸ್ತ ಎನ್ನುತ್ತಿರಲಿಲ್ಲ. ಅವನು ಮನರಂಜನಾ ಕ್ಲಬ್ಬಿನ ಕಾರ್ಯದರ್ಶಿ. ಕೇರಂ ಪಂದ್ಯ, ಪಿಕ್‌ನಿಕ್ಕು, ಪೊಂಗಲ್ಲಿನ ರಂಗೋಲಿ ಸ್ಪರ್ಧೆ, ನಿವೃತ್ತರಾಗುವವರಿಗೆ ಶಾಲು, ಎಲ್ಲ ಅವನದೇ. ಜೊತೆಗೆ ಸೇರಿದವರು ಇಲಾಖೆಯ ಪರೀಕ್ಷೆ ಬರೆದು ಅಧಿಕಾರಿಗಳಾದರು. ಪರೀಕ್ಷೆ ನಡೆಯುವಾಗಲೆಲ್ಲ ಇವನು ಅದೇ ಕಟ್ಟಡದ ಮಾಳಿಗೆಯಲ್ಲಿ ಕೇರಂ ಬೋರ್ಡಿಗೆ ಪೌಡರು ಉದುರಿಸುತ್ತಿದ್ದ. ಈಗ ಕಂಪನಿಯವರೇ ದಕ್ಷಿಣ ವಲಯಕ್ಕೆಲ್ಲ ಒಬ್ಬ ಮನರಂಜನಾ ಅಧಿಕಾರಿ ಬೇಕೆಂದು ಯೋಚಿಸುತ್ತಿದ್ದರು. ಅದನ್ನು ತೀರ್ಮಾನ ಮಾಡುವ ಸಾಹೇಬರು ಇವತ್ತಿನ ಕುಟುಂಬ ದಿನಕ್ಕೆ ಖುದ್ದಾಗಿ ಬರುವವರಿದ್ದರು. 'ಭಾನುವಾರ ಒಂದು ಸರಿಯಾಗಿ ಕಳೆದರೆ ಪೋಸ್ಟು ನಿಮಗೇ ಮಾರಾಯ್ರೆ,' ಎಂದು ಮ್ಯಾನೇಜರ್ ರಾಮದಾಸರು ಹೇಳಿದ್ದರು. ಉಡುಪಿ ಕಡೆಯ ರಾಮದಾಸರ ಮಾತಿನಲ್ಲಿ ಭರವಸೆಯೂ ಬೆದರಿಕೆಯೂ ಒಂದೇ ರಾಗದಲ್ಲಿ ಬರುತ್ತಿದ್ದವು.

ಹೊರಗೆ ಪಂಪಿನ ಹತ್ತಿರ ಅವನ ತಾಯಿ ನೀಲಗಂಗಮ್ಮ ಪಕ್ಕದ ಮನೆಯವಳಿಗೆ ಅರ್ಧ ತಮಿಳು ಅರ್ಧ ಕೊಟ್ಟೂರಿನ ಕನ್ನಡದಲ್ಲಿ ಏನೋ ಹೇಳುತ್ತಿದ್ದಳು. ಕೊಡ ತುಂಬುವ ಸದ್ದಿನ ನಡುವೆ, 'ಎಲ್ಲಾರ ಮಕ್ಳೂ ಕೆಲಸಕ್ಕ ಹೋಗ್ತಾರ ತಾಯೀ, ನನ್ನ ಮಗ ಆಟಕ್ಕ ಹೋಗ್ತಾನ,' ಎಂಬುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಅದರಲ್ಲಿ ದೂರು ಇತ್ತೋ ಹೆಮ್ಮೆ ಇತ್ತೋ ತಿಳಿಯುವಂತಿರಲಿಲ್ಲ. ಬ್ಲೇಡು ಗದ್ದದ ಹತ್ತಿರ ಕೊಂಚ ಕೊಯ್ದಿತು. ಅಷ್ಟರಲ್ಲಿ ಹೆಂಡತಿ ಜಯದೇವಿ ಕಾಫಿ ತಂದಿಟ್ಟು, ಹೋಗದೆ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

'ಇವತ್ತು ನಾನೂ ಬರ್ತೀನ್ರಿ,' ಅಂದಳು.

'ಎಲ್ಲಿಗೆ?'

'ನಿಮ್ಮ ಕುಟುಂಬ ದಿನಕ್ಕ. ನಾನೂ ನಿಮ್ಮ ಕುಟುಂಬನ ಅಲ್ಲೇನು?'

ಕೊಟ್ರಪ್ಪ ಕನ್ನಡಿಯಲ್ಲೇ ಅವಳನ್ನು ನೋಡಿದ. ಮಹಾಬಲಿಪುರದ ಪಿಕ್‌ನಿಕ್ಕಿನ ಮೇಲೆ ಅವಳು ಕ್ಲಬ್ಬಿನ ಯಾವುದಕ್ಕೂ ಬಂದಿರಲಿಲ್ಲ. ಬಾ ಎಂದು ಅವನು ಕರೆದಿರಲೂ ಇಲ್ಲ, ಕರೆಯುವ ಮುಖ ಅವನಿಗಿರಲಿಲ್ಲ. ಆವತ್ತು ಸಂಜೆ ಬಸ್ಸು ಹೊರಡುವ ಮುಂಚೆ ಅವನು ಎಂದಿನಂತೆ ತಲೆ ಎಣಿಸಿದ್ದ. ಒಮ್ಮೆಯಲ್ಲ, ಹಿಂದಿನಿಂದ ಮುಂದಕ್ಕೆ ಒಂದು ಸಲ, ಮುಂದಿನಿಂದ ಹಿಂದಕ್ಕೆ ಒಂದು ಸಲ. ಲೆಕ್ಕ ಸರಿಯಾಗಿತ್ತು. ಸೀಟಿ ಊದಿದ. ಬಸ್ಸು ತಿರುವಾನ್ಮಿಯೂರು ಮುಟ್ಟುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ನಿದ್ದೆಯಿಂದೆದ್ದ ಅಪರಿಚಿತನೊಬ್ಬ ಅವನನ್ನು ಕರೆದು, 'ತಾಂಬರಂ ಒಣ್ಣು,' ಎಂದು ಟಿಕೆಟ್ಟು ಕೇಳಿದ. ಒಬ್ಬ ಹೆಚ್ಚಾಗಿದ್ದಾನೆಂದರೆ ಒಬ್ಬರು ಕಡಿಮೆ. ಕಡಿಮೆಯಾದವರು ಯಾರೆಂದು ಬಸ್ಸೆಲ್ಲ ಹುಡುಕಿದ. ಎಲ್ಲರ ಹೆಂಡಂದಿರೂ ಇದ್ದರು. ತನ್ನದು ಮಾತ್ರ ಇರಲಿಲ್ಲ. ಬಸ್ಸು ತಿರುಗಿಸಿಕೊಂಡು ಹೋದಾಗ ಜಯದೇವಿ ಗುಡಿಯ ಬೇಲಿಯ ಕಟ್ಟೆಯ ಮೇಲೆ ಕೂತು, ಸಮುದ್ರದ ಕಡೆ ಮುಖ ಮಾಡಿಕೊಂಡು ಬೇಯಿಸಿದ ಕಡಲೆಯ ಸುಂಡಲ್ ತಿನ್ನುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ. 'ಬಂದ್ರಾ,' ಎಂದು ಉಳಿದಿದ್ದ ಸುಂಡಲ್ಲಿನ ಪೊಟ್ಟಣ ಅವನ ಕೈಗಿಟ್ಟು ಬಸ್ಸು ಹತ್ತಿದಳು. ಬೈದಿದ್ದರೆ ಅದು ಆವತ್ತೇ ಮುಗಿಯುತ್ತಿತ್ತು. ಬೈಯದೆ ಇದ್ದದ್ದರಿಂದ ಅದು ಅವನೊಳಗೆ ಬಾಡಿಗೆಗೆ ಬಂದವರಂತೆ ಉಳಿದುಬಿಟ್ಟಿತು.

'ಬಾ,' ಅಂದ ಕನ್ನಡಿಗೆ. 'ಆದರ ನಾನು ಮೊದ್ಲು ವಡಪಳನಿಗೆ ಹೋಗ್ಬೇಕು. ಮುಖ್ಯ ಅತಿಥೀನ ಕರ್ಕೊಂಡು ಬರ್ಬೇಕು. ನೀನು ಬಸ್ಸಿಗೆ ಬರ್ತೀಯಾ?'

'ಒಬ್ಬಾಕೀನ ಬರಕ್ಕ ನನಗ ಬರ್ತದ,' ಅಂದಳು ಜಯದೇವಿ. ಆ ಮಾತಿಗೆ ಎಷ್ಟು ಅರ್ಥ ಎಂದು ಯೋಚಿಸುತ್ತ ಕೊಟ್ರಪ್ಪ ಗದ್ದದ ರಕ್ತ ಒರೆಸಿಕೊಂಡ.

ಮುಖ್ಯ ಅತಿಥಿಯಾಗಿ ಒಪ್ಪಿದ್ದವನು ಊರಿಗೆಲ್ಲ ಗೊತ್ತಿದ್ದ ಹಾಸ್ಯನಟ. ಆದರೆ ವಡಪಳನಿಯಲ್ಲಿ ಸ್ಟುಡಿಯೋದ ಗೇಟಿನೆದುರಿನ ಟೀ ಅಂಗಡಿಗೆ ಹೋದಾಗ, ಸಿನಿಮಾಗಳಿಗೆ ಜನ ಒದಗಿಸುವ ಏಜೆಂಟ್ ಚಂದು ಗ್ಲಾಸು ಕೆಳಗಿಡದೆಯೇ ವಿಷಯ ಹೇಳಿದ. ಹಾಸ್ಯನಟ ರಾತ್ರಿಯ ಗಾಡಿಗೆ ಊಟಿಗೆ ಹೋದ, ಹಾಡಿನ ಶೂಟಿಂಗು, ಅಲ್ಲಿ ಮಂಜು ಸಿಕ್ಕಿದೆಯಂತೆ, ಮಂಜು ಯಾರಿಗೂ ಕಾಯುವುದಿಲ್ಲ. ಕೊಟ್ರಪ್ಪ ಟೀ ಅಂಗಡಿಯ ಬೆಂಚಿನ ಮೇಲೆ ಕೂತ. ಎದುರಿಗೆ ಸ್ಟುಡಿಯೋದಿಂದ ಪೋಲೀಸರ ವೇಷದ ಗುಂಪೊಂದು ಬಂದು ಬನ್ನು ಕೇಳುತ್ತಿತ್ತು. ಅವರಲ್ಲೊಬ್ಬನ ಮೀಸೆ ಟೀಯಲ್ಲಿ ಅರ್ಧ ಕಿತ್ತು ತೇಲುತ್ತಿತ್ತು. ಹಾಸ್ಯನಟನಿಗಾಗಿ ಬಾಯಿಪಾಠ ಮಾಡಿದ್ದ ಪರಿಚಯದ ವಾಕ್ಯ, ನಮ್ಮನ್ನೆಲ್ಲ ನಕ್ಕು ನಗಿಸುವ ಎಂದು ಆರಂಭವಾಗುವುದು, ಅವನ ತಲೆಯೊಳಗೆ ಯಜಮಾನನಿಲ್ಲದ ನಾಯಿಯಂತೆ ಸುತ್ತುತ್ತಿತ್ತು. ಚಂದುವಿಗೆ ಕನಿಕರ ಬಂತು.

'ಆರ್ಟಿಸ್ಟ್ ತಾನೇ ಬೇಕು ಸಾರ್? ಕನ್ನಡದವರೇ ಒಬ್ಬರಿದ್ದಾರೆ. ಇಲ್ಲಿ ಬಂದು ರೊಂಬ ವರ್ಷ ಆಯ್ತು,' ಎಂದು ಹಿಂದಿನ ಬೆಂಚಿನ ಕಡೆ ಕೈ ತೋರಿಸಿದ.

ಅಲ್ಲಿ ಇಸ್ತ್ರಿ ಮಾಡಿದ ಬಿಳಿ ಜುಬ್ಬಾದವನೊಬ್ಬ ಇಡ್ಲಿಯನ್ನು ಬಹಳ ಮರ್ಯಾದೆಯಿಂದ ತಿನ್ನುತ್ತಿದ್ದ. ಹೆಸರು ಹರಿದಾಸ. ಮೈಕಟ್ಟು ಚೆನ್ನಾಗಿತ್ತು, ಹಣೆ ಅಗಲ, ಮೂಗು ಎತ್ತರ. ದೂರದಿಂದ ಯಾರೋ ದೊಡ್ಡ ನಟನಿರಬೇಕು ಅನ್ನಿಸುತ್ತಿತ್ತು. ಹತ್ತಿರ ಬಂದರೆ ಯಾರೆಂದು ಗೊತ್ತಾಗುತ್ತಿರಲಿಲ್ಲ. ಬೇರೆ ದಾರಿಯಿರಲಿಲ್ಲ. ಕೊಟ್ರಪ್ಪ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟ. ಕೋಡಂಬಾಕ್ಕಂ ಸೇತುವೆ ಹತ್ತುವಾಗ, ಮರ್ಯಾದೆಗೆಂದು, 'ನಿಮ್ಮ ಮುಖ ಎಲ್ಲೋ ನೋಡಿದಂಗ ಐತಿ,' ಎಂದು ಸುಳ್ಳು ಹೇಳಿದ.

'ನೋಡಿರ್ತೀರ ಸಾರ್. ಆದ್ರೆ ನಿಂತಿರೋದು ನೋಡಿರಲ್ಲ,' ಅಂದ ಹರಿದಾಸ.

'ಅಂದರ?'

'ನಂದು ಹೆಣದ ಪಾರ್ಟು ಸಾರ್. ಹೀರೋ ಅಪ್ಪ, ಹೀರೋಯಿನ್ ಅಪ್ಪ, ಊರ ಗೌಡ, ಎಸ್ಟೇಟ್ ಓನರ್. ನಾಲ್ಕು ಭಾಷೇಲೂ ಮಾಡ್ತೀನಿ. ಡೈಲಾಗ್ ಇಲ್ಲ ನೋಡಿ, ಭಾಷೆ ತೊಂದರೆ ಇಲ್ಲ.'

ಆಟೋದವನು ಕನ್ನಡಿಯಲ್ಲಿ ಹಿಂದೆ ನೋಡಿದ. ಕೊಟ್ರಪ್ಪನೂ ಪಕ್ಕಕ್ಕೆ ನೋಡಿದ. ಹರಿದಾಸ ಬೇಜಾರಿನಿಂದಲ್ಲ, ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಇರುವವನು ತನ್ನ ಸೆಕ್ಷನ್ನಿನ ಬಗ್ಗೆ ಹೇಳುವಂತೆ ಹೇಳುತ್ತಿದ್ದ. ಸಾಯುವುದನ್ನು ಯಾರು ಬೇಕಾದರೂ ಮಾಡುತ್ತಾರೆ, ಹೀರೋಗಳೂ ಮಾಡುತ್ತಾರೆ. ಸತ್ತ ಮೇಲಿನದು ಕಷ್ಟ. ತಾಯಿ ಪಾತ್ರದವರು ಎದೆಯ ಮೇಲೆ ಬಿದ್ದು ಅಳುತ್ತಾರೆ, ಅವರ ಕಣ್ಣಿಗೆ ಹಾಕಿದ ಗ್ಲಿಸರಿನ್ನು ಮೂಗಿನ ಮೇಲೆ ತೊಟ್ಟಿಕ್ಕುತ್ತದೆ, ಸೀನು ಬರುತ್ತದೆ, ಬರಬಾರದು. 'ಮನೇಲಿ ಮಾತ್ರ ಸಾರ್, ಮಧ್ಯಾಹ್ನ ಮಲಗಿದ್ರೆ ನಮ್ಮನೆಯವಳು ಎಬ್ಬಿಸಿಬಿಡ್ತಾಳೆ. ಭಯವಂತೆ.' ಕೊಟ್ರಪ್ಪನಿಗೆ ಇದ್ದಕ್ಕಿದ್ದಂತೆ ಅಳು ಬರುವ ಹಾಗಾಯಿತು. ಕಂಪನಿಯ ವಾರ್ಷಿಕ ಕುಟುಂಬ ದಿನಕ್ಕೆ, ಹೆಂಗಸರು ಮಕ್ಕಳ ಮುಂದೆ, ಬೊಂಬಾಯಿಯ ಸಾಹೇಬರ ಪಕ್ಕದಲ್ಲಿ ಕೂರಿಸಲು ತಾನು ಒಂದು ಹೆಣವನ್ನು ಆಟೋದಲ್ಲಿ ಕರೆದೊಯ್ಯುತ್ತಿದ್ದೇನೆ. ಅದೂ ವಿಮಾ ಕಂಪನಿಗೆ.

ನುಂಗಂಬಾಕ್ಕಂನ ಶಾಲೆಯೊಂದರ ಮೈದಾನದಲ್ಲಿ ಶಾಮಿಯಾನ ಎದ್ದಿತ್ತು. ಮೈಕಿನವನು 'ಹಲೋ, ಹಲೋ' ಎಂದು ಯಾರೂ ಉತ್ತರಿಸದ ಮಾತಾಡುತ್ತಿದ್ದ. ರಾಮದಾಸರು ಗೇಟಿನ ಹತ್ತಿರವೇ ನಿಂತಿದ್ದರು. ಹರಿದಾಸನನ್ನು ಮೇಲಿಂದ ಕೆಳಗೆ ನೋಡಿ, ಕೈ ಮುಗಿದು, ಮುಗಿದ ಕೈ ಹಾಗೇ ಇಟ್ಟುಕೊಂಡು ಕೊಟ್ರಪ್ಪನನ್ನು ಪಕ್ಕಕ್ಕೆ ಕರೆದರು.

'ಇದು ಯಾರು ಮಾರಾಯ್ರೆ?'

'ಸಿನೆಮಾ ಆರ್ಟಿಸ್ಟ್ ಸಾರ್.'

'ಯಾವ ಸಿನೆಮಾ?'

'ಬಹಳ ಸಿನೆಮಾ ಸಾರ್. ನಾಲ್ಕು ಭಾಷೆ.'

'ನನಗೆ ಒಂದು ಭಾಷೆಯಲ್ಲಿಯೂ ಗೊತ್ತಾಗುದಿಲ್ಲವಲ್ಲ,' ಅಂದರು ರಾಮದಾಸರು. ಅಷ್ಟು ಹೊತ್ತಿಗೆ ಸಾಹೇಬರ ಕಾರು ಬಂದದ್ದರಿಂದ ಕೊಟ್ರಪ್ಪ ಬದುಕಿಕೊಂಡ. ಹಾರ ಹಾಕುವಾಗ ನಗುವುದನ್ನೇ ಮರೆತ. ಮರೆತದ್ದು ನೆನಪಾಗಿ, ಸಾಹೇಬರು ಮುಂದೆ ಹೋದ ಮೇಲೆ ಅವರ ಬೆನ್ನಿಗೆ ನಕ್ಕ. ಅದನ್ನು ಎದುರಿಗಿದ್ದ ರಾಮದಾಸರ ಹೆಂಡತಿ ವಾಸಂತಿ ನೋಡಿದಳು. ಎತ್ತರ ಹಿಮ್ಮಡಿಯ ಚಪ್ಪಲಿ ಹಾಕಿ, ಸೆರಗನ್ನು ಈಗಾಗಲೇ ಆಟಕ್ಕೆ ಬಿಗಿದುಕೊಂಡು ಬಂದಿದ್ದ ವಾಸಂತಿ ತನ್ನನ್ನೇ ನೋಡಿ ನಕ್ಕನೆಂದುಕೊಂಡು ತಾನೂ ನಕ್ಕಳು.

ವೇದಿಕೆಯ ಮೇಲೆ ಪರಿಚಯದ ಹೊತ್ತು ಬಂದಾಗ ಕೊಟ್ರಪ್ಪನ ಬಾಯಿಗೆ ಬಂದದ್ದು ಆ ಹಳೆಯ ವಾಕ್ಯವೇ. 'ನಮ್ಮನ್ನೆಲ್ಲ ನಕ್ಕು ನಗಿಸುವ,' ಎಂದು ಆರಂಭಿಸಿ, ನಿಂತು, 'ಕೆಲವು ಸಂದರ್ಭಗಳಲ್ಲಿ ಅಳಿಸುವ,' ಎಂದು ಸೇರಿಸಿ, ಹರಿದಾಸನ ಹೆಸರು ಹೇಳಿ ಕೂತುಬಿಟ್ಟ. ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನ ಮಗುವೊಂದು, 'ಯಾರುಪ್ಪಾ ಇವರು,' ಎಂದು ತಮಿಳಿನಲ್ಲಿ ಕೇಳಿದ್ದು ಮೈಕಿನವರೆಗೂ ಬಂದು ಶಾಲೆಯ ಗೋಡೆಗೆ ತಾಗಿ ವಾಪಸ್ಸು ಬಂತು. ಕೊಟ್ರಪ್ಪ ತನ್ನ ಬೂಟಿನ ತುದಿ ನೋಡಿದ. ಈಗ ಭೂಮಿ ಬಾಯಿ ಬಿಟ್ಟರೆ ಅದರ ಏರ್ಪಾಡೂ ತಾನೇ ಮಾಡಬೇಕಾಗುತ್ತದೆ ಅನ್ನಿಸಿತು. ಆದರೆ ಹರಿದಾಸನಿಗೆ ಇದೆಲ್ಲ ಹೊಸದಲ್ಲವೆಂದು ತೋರಿತು. ಅವನು ಮೈಕಿನ ಹತ್ತಿರ ಹೋಗಲೂ ಇಲ್ಲ. ಚಪ್ಪಲಿ ಬಿಟ್ಟು, ಜಮಖಾನದ ಮೇಲೆ ಅಂಗಾತ ಮಲಗಿ, ತನ್ನ ಹಾರವನ್ನು ಎದೆಯ ಮೇಲೆ ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಬಾಯಿಯನ್ನು ಅಕ್ಕಿಕಾಳಿನಷ್ಟು ತೆರೆದ. ಉಸಿರು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಹೆಂಗಸರ ಸಾಲಿನ ಹಿಂದಿನಿಂದ ಒಬ್ಬಳು, 'ಅವರುದಾನ್, ಅಂದ ಅಪ್ಪಾ,' ಎಂದಳು, ಸಿನಿಮಾದಲ್ಲಿ ಸತ್ತ ಆ ಅಪ್ಪ ಇವರೇ ಎಂದು ತಮಿಳಿನಲ್ಲಿ. ಅವಳ ಪಕ್ಕದವಳು ಇನ್ನೊಂದು ಸಿನಿಮಾ ನೆನೆದಳು, ಅದರಲ್ಲಿ ತೂಗುಯ್ಯಾಲೆಯಲ್ಲೇ ಸತ್ತಿದ್ದರು. ಮತ್ತೊಬ್ಬಳು ಮಳೆಯಲ್ಲಿ ಮಲಗಿಸಿದ್ದನ್ನು ನೆನೆದಳು. ಗುರುತು ಸಾಲಿನಿಂದ ಸಾಲಿಗೆ ಹರಿದು ಇಡೀ ಶಾಮಿಯಾನ ಚಪ್ಪಾಳೆ ತಟ್ಟಿತು. ವಯಸ್ಸಾದ ಒಬ್ಬಾಕೆ ಅಭ್ಯಾಸಬಲದಿಂದ ಕಣ್ಣೊರೆಸಿಕೊಂಡಳು. ದಕ್ಷಿಣದ ಸಿನಿಮಾ ಒಂದನ್ನೂ ನೋಡಿರದ ಸಾಹೇಬರು ಮಾತ್ರ ಅತಿಥಿಗೆ ಮೂರ್ಛೆ ಬಂತೆಂದು ಎದ್ದು ನಿಂತು ಡಾಕ್ಟರನ್ನು ಕೂಗಿದರು. ಇದು ಕಾರ್ಯಕ್ರಮದ ಭಾಗವೆಂದು ರಾಮದಾಸರು ಅವರನ್ನು ಕೂರಿಸಬೇಕಾಯಿತು. ಕೂತ ಮೇಲೆ ಸಾಹೇಬರು ಕೊಟ್ರಪ್ಪನನ್ನು ನೋಡಿದ ನೋಟ ಮೆಚ್ಚುಗೆಯದೋ ಅನುಮಾನದ್ದೋ, ಅವನಿಗೆ ತಿಳಿಯಲಿಲ್ಲ. ಎರಡಕ್ಕೂ ಆಗುವಂಥ ಒಂದು ಮುಖವನ್ನು ಅವನು ವಾಪಸ್ಸು ತೋರಿಸಿದ.

ಊಟಕ್ಕೆ ಬೇವಿನ ಮರದ ಕೆಳಗೆ ಎಲ್ಲರೂ ಮೊಸರನ್ನದ ಪೊಟ್ಟಣ ಬಿಚ್ಚಿ ಕೂತಿದ್ದರು. ಜಯದೇವಿ ಬಸ್ಸಿನಲ್ಲಿ ಬಂದು, ಹೆಂಗಸರ ನಡುವೆ ಜಾಗ ಮಾಡಿಕೊಂಡಿದ್ದಳು. ಅವಳು ಅಲ್ಲಿರುವುದನ್ನು ಕೊಟ್ರಪ್ಪ ಪೊಟ್ಟಣ ಹಂಚುತ್ತ ಮತ್ತೆ ಮತ್ತೆ ನೋಡುತ್ತಿದ್ದ. ಅದನ್ನು ಗಮನಿಸಿದ ಟೈಪಿಂಗ್ ವಿಭಾಗದವನೊಬ್ಬ ಎಲ್ಲರಿಗೂ ಕೇಳುವಂತೆ, 'ಏನು ಕಾರ್ಯದರ್ಶಿಗಳೇ, ಇವತ್ತು ಹೆಂಡ್ತೀನ ಎಣಿಸಿ ಆಯ್ತಾ?' ಅಂದ. ಮರದ ಕೆಳಗೆಲ್ಲ ನಗು ಹಬ್ಬಿತು. ಏನದು ಎಂದು ಸಾಹೇಬರು ಕೇಳಿದರು. ರಾಮದಾಸರು ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟು ದೊಡ್ಡ ಸಂಜೆ, ಆ ತಿರುಗಿಸಿದ ಬಸ್ಸು, ಆ ಸಮುದ್ರ, ಎಲ್ಲ ಒಂದೇ ವಾಕ್ಯದಲ್ಲಿ ಹಿಡಿಸಿಬಿಟ್ಟಿತು. ಸಾಹೇಬರು ಮೊದಲು ಜಯದೇವಿಯನ್ನು, ಆಮೇಲೆ ಕೊಟ್ರಪ್ಪನನ್ನು ನೋಡಿ, ಉಪ್ಪಿನಕಾಯಿ ನೆಕ್ಕಿದರು. ಜಯದೇವಿಯೂ ಎಲ್ಲರ ಜೊತೆ ನಗುತ್ತಿದ್ದಳು. ಅವಳು ನಗುತ್ತಿರುವುದು ಅವನಿಗೆ ಸಮಾಧಾನ ತರಬೇಕಿತ್ತು. ತರಲಿಲ್ಲ. ತನ್ನ ಮುಂದೆ ಅವಳು ಆ ವಿಷಯಕ್ಕೆ ಒಮ್ಮೆಯೂ ನಕ್ಕಿರಲಿಲ್ಲ.

ಮಧ್ಯಾಹ್ನದ ದೊಡ್ಡ ಆಟ ಹೆಂಗಸರ ಸಂಗೀತ ಕುರ್ಚಿ. ಬಾಡಿಗೆಯ ಕಬ್ಬಿಣದ ಕುರ್ಚಿಗಳನ್ನು ವೃತ್ತವಾಗಿ ಹಾಕಿದ್ದರು. ರೆಕಾರ್ಡು ಹಾಕುವವನು ಆಟಕ್ಕೆ ಬೆನ್ನು ಮಾಡಿ ಕೂರಬೇಕೆಂಬುದು ನಿಯಮ. ಆ ನಿಯಮ ಮಾಡಿದವನು ಕೊಟ್ರಪ್ಪನೇ, ಪ್ರತಿ ವರ್ಷ ಹಾಗೆ ಕೂರುವವನೂ ಅವನೇ. ಪ್ರತಿ ವರ್ಷ ಗೆಲ್ಲುವವಳು ವಾಸಂತಿ. ಇದರಲ್ಲಿ ಮೋಸವಿದೆಯೆಂದು ಅವನು ಎಂದೂ ಅಂದುಕೊಂಡಿರಲಿಲ್ಲ. ಹಾರ ಯಾರಿಗೆ ಮೊದಲು, ಯಾರ ಬಾಳೆಲೆಗೆ ಎರಡು ಹೋಳಿಗೆ ಎಂಬಂತೆ ಇದೂ ಅವನ ಕೆಲಸದ ಭಾಗವಾಗಿತ್ತು. ಕಣ್ಣಿಲ್ಲದಿದ್ದರೆ ಏನು, ಕಿವಿಯಿತ್ತು. ಒಣ ನೆಲದ ಮೇಲೆ ವಾಸಂತಿಯ ಹಿಮ್ಮಡಿ ಟಕ್ ಟಕ್ ಎನ್ನುತ್ತ ಕುರ್ಚಿಯೊಂದರ ಬದಿಗೆ ಬರುವಾಗ ರೆಕಾರ್ಡಿನ ಮುಳ್ಳೆತ್ತಿದರೆ ಮುಗಿಯಿತು. ಈ ಸಲವೂ ಹಾಗೇ ಎತ್ತಿದ, ಇಟ್ಟ, ಎತ್ತಿದ. ಹಿಂದೆ ಹೆಂಗಸರು ಚೀರಿ, ಬಿದ್ದು, ನಕ್ಕು, ಒಬ್ಬೊಬ್ಬರಾಗಿ ಹೊರಗೆ ಬರುತ್ತಿದ್ದರು. ಒಂದೇ ಕುರ್ಚಿ ಉಳಿಯಿತು. ಆಗ ಜನ ಕೂಗಲು ಆರಂಭಿಸಿದರು. ಅರ್ಧ ಜನ ವಾಸಂತಿ ಎಂದರು. ಇನ್ನರ್ಧ ಜನ ಕೂಗುತ್ತಿದ್ದ ಹೆಸರು ಅವನಿಗೆ ಕೊಂಚ ತಡವಾಗಿ ಅರ್ಥವಾಯಿತು. ಜಯದೇವಿ.

ಅವಳು ಆಟಕ್ಕೆ ಇಳಿದದ್ದೇ ಅವನಿಗೆ ಗೊತ್ತಿರಲಿಲ್ಲ. ರೆಕಾರ್ಡು ಸುತ್ತುತ್ತಿತ್ತು. ಅವನ ಎರಡು ಬೆರಳು ಮುಳ್ಳಿನ ಹಿಡಿಯ ಮೇಲಿದ್ದವು. ಹಿಮ್ಮಡಿಯ ಸದ್ದು ಕುರ್ಚಿಯಿಂದ ದೂರ ಹೋಯಿತು, ಹತ್ತಿರ ಬಂತು. ಜಯದೇವಿ ಬರಿಗಾಲಿನಲ್ಲಿರಬೇಕು, ಅವಳ ಕಡೆಯಿಂದ ಏನೂ ಕೇಳಿಸುತ್ತಿರಲಿಲ್ಲ, ಕೇಳಿಸಬೇಕಾದ್ದೂ ಇರಲಿಲ್ಲ. ಹತ್ತಿರ ಬಂದಾಗ ಎತ್ತಿದರೆ ವಾಸಂತಿ, ದೂರ ಹೋದಾಗ ಎತ್ತಿದರೆ ಜಯದೇವಿ. ಸುಮ್ಮನೆ ಎತ್ತುವುದು, ಏನೂ ತಿಳಿಯದವನಂತೆ ಎತ್ತುವುದು, ಅವನಿಗೆ ಸಾಧ್ಯವೇ ಇರಲಿಲ್ಲ. ಈಗ, ಅಂದುಕೊಂಡ, ಹಿಮ್ಮಡಿ ಹತ್ತಿರವಿತ್ತು, ಹುದ್ದೆ ಹತ್ತಿರವಿತ್ತು, ಆದರೆ ಆ ಹೊತ್ತಿಗೇ ಬೇಲಿಕಟ್ಟೆಯ ಮೇಲೆ ಸಮುದ್ರ ನೋಡುತ್ತ ಕೂತ ಬೆನ್ನೊಂದು ಕಂಡು ಬೆರಳು ನಿಂತವು. ಈಗ, ಅಂದುಕೊಂಡ, ಹಿಮ್ಮಡಿ ದೂರವಿತ್ತು, ಆದರೆ ರಾಮದಾಸರ ಕೆಮ್ಮು ಹತ್ತಿರವಿತ್ತು. ಹಾಡಿನ ಮೊದಲ ಚರಣ ಮುಗಿಯಿತು. ಎರಡನೆಯದು ಆರಂಭವಾಯಿತು. ಜನ ಮೊದಲು ನಕ್ಕರು, ಆಮೇಲೆ ಗೊಣಗಿದರು. ಕುತ್ತಿಗೆಯ ಹಿಂದೆ ಬೆವರು ಇಳಿದು ಕಾಲರಿನೊಳಗೆ ಹೋಯಿತು. ಕೊನೆಗೆ ಹಾಡೇ ಮುಗಿದು, ಮುಳ್ಳು ರೆಕಾರ್ಡಿನ ಒಳಸುತ್ತಿನಲ್ಲಿ ಕರ್ರ್, ಕರ್ರ್ ಎಂದು ಕೆರೆಯತೊಡಗಿತು. ಅದು ಸಂಗೀತವೋ ಮೌನವೋ ಯಾರಿಗೂ ತಿಳಿಯದೆ ಹಿಂದೆ ಹಿಮ್ಮಡಿ ಇನ್ನೂ ಸುತ್ತುತ್ತಲೇ ಇತ್ತು, ಈಗ ಕುಂಟುತ್ತ.

'ನಿಲ್ಲಿಸಿ ಮಾರಾಯ್ರೆ, ಸತ್ತೇ ಹೋದಾರು,' ಅಂದರು ರಾಮದಾಸರು. ಅವನು ನಿಲ್ಲಿಸಲಿಲ್ಲ. ನಿಂತದ್ದು ಜಯದೇವಿ. ತಿರುಗಿ ನೋಡಿದಾಗ ಅವಳು ಕುರ್ಚಿಯ ಬೆನ್ನು ಹಿಡಿದು, ಏದುಸಿರು ಬಿಡುತ್ತ, ವಾಸಂತಿಗೆ ಹೇಳುತ್ತಿದ್ದಳು.

'ಅಕ್ಕಾರ, ನೀವು ಕೂಡ್ರಿ. ನಮ್ಮನಿಯೋರಿಗೆ ಇವತ್ತು ನಿಲ್ಸಕ್ಕ ಆಗಂಗಿಲ್ಲ.'

ವಾಸಂತಿ ಕೂರಲಿಲ್ಲ. ಕುರ್ಚಿಯನ್ನು ನೋಡಿದಳು, ಜಯದೇವಿಯನ್ನು ನೋಡಿದಳು, ಆಮೇಲೆ ತನ್ನ ಚಪ್ಪಲಿಯನ್ನು ಬಹಳ ಹೊತ್ತು ನೋಡಿದಳು. ಆ ಚಪ್ಪಲಿಯಲ್ಲೇ ಟಕ್ ಟಕ್ ಎಂದು ನಡೆದು ಕೊಟ್ರಪ್ಪನ ಮುಂದೆ ಬಂದು ನಿಂತಳು. ಅವನು ಎದ್ದು ನಿಂತ.

'ಪ್ರತಿ ವರ್ಷ ನೀವು ಬೇಕಂತ ನಿಲ್ಲಿಸ್ತಾ ಇದ್ದದ್ದಾ?' ದನಿ ಮೆಲ್ಲಗಿತ್ತು.

'ಇಲ್ಲ ಮೇಡಂ,' ಅಂದ. ಅವಳು ನೋಡುತ್ತಲೇ ಇದ್ದಳು. 'ಸ್ವಲ್ಪ,' ಅಂದ.

'ನಾನು ಮನೆಯಲ್ಲಿ ಊಟದ ಮೇಜಿನ ಕುರ್ಚಿ ಎಲ್ಲ ಎಳೆದು ಪ್ರಾಕ್ಟೀಸ್ ಮಾಡ್ತಿದ್ದೆ. ಗೊತ್ತುಂಟಾ? ಒಂದು ತಿಂಗಳ ಮೊದಲೇ ಶುರು ಮಾಡುದು. ಇವರು ರೇಡಿಯೋ ಬಂದ್ ಮಾಡುದು, ನಾನು ಕೂರುದು.'

ರಾಮದಾಸರು ಬೇವಿನ ಮರದ ಮೇಲೆ ಏನೋ ಹಕ್ಕಿ ನೋಡುತ್ತಿದ್ದರು. ಆಫೀಸಿನ ಮೇಜಿನ ಹಿಂದೆ ಎಲ್ಲರನ್ನೂ ನಡುಗಿಸುವ ರಾಮದಾಸರು, ಲುಂಗಿಯುಟ್ಟು, ರೇಡಿಯೋದ ಕಿವಿ ಹಿಡಿದು ಬೆನ್ನು ಮಾಡಿ ಕೂತಿದ್ದು ಕೊಟ್ರಪ್ಪನ ಕಣ್ಣಿಗೆ ಕಟ್ಟಿತು. ನಗು ಬರಬೇಕಿತ್ತು. ಅವರೂ ಹೆಂಡತಿಯ ಕಾಲ ಸದ್ದು ಕೇಳಿಯೇ ನಿಲ್ಲಿಸುತ್ತಿದ್ದರೇನೋ ಅನ್ನಿಸಿ ನಗು ಅಲ್ಲೇ ಇಂಗಿತು. ಇಷ್ಟು ವರ್ಷ ತಾನು ಈ ಹೆಂಗಸಿಗೆ ಸಂತೋಷ ಕೊಡುತ್ತಿದ್ದೇನೆಂದುಕೊಂಡಿದ್ದ. ಈಗ ಅವಳ ಷೋಕೇಸಿನಲ್ಲಿ ಸಾಲಾಗಿಟ್ಟಿರಬಹುದಾದ ಬಹುಮಾನದ ಸ್ಟೀಲು ಡಬ್ಬಿಗಳನ್ನು ಒಂದೇ ಮಧ್ಯಾಹ್ನದಲ್ಲಿ ಒಂದೂ ಬಿಡದೆ ಕಿತ್ತುಕೊಂಡಂತಾಗಿತ್ತು.

ವಾಸಂತಿ ಚಪ್ಪಲಿ ಕಳಚಿ ಬೇವಿನ ಬುಡಕ್ಕೆ ಎಸೆದಳು.

'ಇನ್ನೊಮ್ಮೆ ಆಗಲಿ. ಹೆಂಗಸರು, ಗಂಡಸರು, ಎಲ್ಲ ಬರಲಿ. ಹಾಡು ನಿಲ್ಲಿಸುದು ಇವರು ಬೇಡ. ಇವರೂ ಆಡ್ಲಿ.'

ಯಾರಿಗೂ ಎದುರು ಹೇಳಲಾಗಲಿಲ್ಲ. ರೆಕಾರ್ಡಿನ ಮುಂದೆ ಹರಿದಾಸನನ್ನು ಕೂರಿಸಿದರು. 'ಕಣ್ಣು ಮುಚ್ಚಿಕೊಂಡೇ ಮಾಡ್ತೀನಿ ಮೇಡಂ, ನಂಗೆ ಅದು ಅಭ್ಯಾಸ,' ಎಂದು ಅವನು ಕಣ್ಣು ಮುಚ್ಚಿದ. ಗಂಡಸರು ಒಬ್ಬರನ್ನೊಬ್ಬರು ತಳ್ಳುತ್ತ ಬಂದರು. ಯಾರೋ ಧೈರ್ಯ ಮಾಡಿ ಸಾಹೇಬರನ್ನೂ ಕರೆದರು. ಅವರು ಬೇಡ ಬೇಡವೆನ್ನುತ್ತಲೇ ಕೋಟು ಬಿಚ್ಚಿ ಮಡಿಸಿ ಕುರ್ಚಿಯೊಂದರ ಮೇಲಿಟ್ಟು, ಆ ಕುರ್ಚಿಯೂ ಆಟಕ್ಕೆ ಬೇಕೆಂದಾಗ ಕೋಟನ್ನು ರಾಮದಾಸರಿಗೆ ಕೊಟ್ಟರು.

ಹಾಡು ಶುರುವಾಯಿತು. ಕೊಟ್ರಪ್ಪ ನಡೆದ. ಕಾಲು ಯಾವುದು ಮುಂದೆ ಯಾವುದು ಹಿಂದೆ ಎಂಬುದೇ ಮರೆತಂತಿತ್ತು. ಇಷ್ಟು ವರ್ಷ ಹೊರಗೆ ನಿಂತವನಿಗೆ ಒಳಗಿನಿಂದ ವೃತ್ತ ಹೀಗೆ ಕಾಣುತ್ತದೆಂದು ಗೊತ್ತಿರಲಿಲ್ಲ. ಕುರ್ಚಿಗಳು ಹತ್ತಿರ, ಮುಂದಿನವರ ಬೆನ್ನು ಇನ್ನೂ ಹತ್ತಿರ, ಬೆವರಿನ ವಾಸನೆ, ಮಲ್ಲಿಗೆಯ ವಾಸನೆ. ಚಿಕ್ಕಂದಿನಲ್ಲಿ, ಅಪ್ಪ ರೈಲ್ವೆ ಗಾರ್ಡಾಗಿದ್ದಾಗ, ಪೆರಂಬೂರಿನ ಕ್ವಾರ್ಟರ್ಸಿನ ಹುಡುಗರೆಲ್ಲ ಸೇರಿ ಅವನನ್ನು ಕ್ರಿಕೆಟ್ಟಿನ ಅಂಪೈರು ಮಾಡಿದ್ದರು. ಅಪ್ಪನ ಹಳೆಯ ಸೀಟಿ ಅವನ ಹತ್ತಿರ ಇದ್ದದ್ದೇ ಅದಕ್ಕೆ ಕಾರಣ. ಒಂದು ದಿನ ಬ್ಯಾಟು ಕೇಳಿದಾಗ, ನೀನು ಆಡಿದರೆ ಔಟು ಕೊಡುವವರಾರು ಅಂದರು. ಅದು ದೊಡ್ಡ ಗೌರವವೆಂದು ಅವನು ನಂಬಿ ಮನೆಗೆ ಹೋಗಿದ್ದ. ಹಾಡು ನಿಂತಿತು. ಎಲ್ಲರೂ ಧೊಪ್ಪನೆ ಕೂತರು. ಕೊಟ್ರಪ್ಪ ಅಭ್ಯಾಸದಂತೆ ಎಲ್ಲರಿಗೂ ಕುರ್ಚಿ ಸಿಕ್ಕಿತೇ ಎಂದು ಸುತ್ತ ನೋಡಿದ. ಟೈಪಿಂಗಿನವನೂ ಇನ್ನೊಬ್ಬನೂ ಒಂದೇ ಕುರ್ಚಿಗೆ ಬಿದ್ದು ಉರುಳಿದ್ದರಿಂದ ಒಂದು ಕುರ್ಚಿ ಖಾಲಿ ಉಳಿದಿತ್ತು. 'ಕೂಡ್ರಿ,' ಎಂದು ಯಾರಿಗೋ ಹೇಳಹೊರಟು, ಹೇಳಲು ಯಾರೂ ಇಲ್ಲವೆಂದು ಕಂಡು, ತಾನೇ ಕೂತ. ಕಬ್ಬಿಣ ಬಿಸಿಲಿಗೆ ಕಾದಿತ್ತು. ಆ ಬಿಸಿ ಪ್ಯಾಂಟಿನ ಮೂಲಕ ಮೇಲೆ ಬಂದಾಗ ಅವನಿಗೆ ವಿಚಿತ್ರವಾದ, ನಾಚಿಕೆಗೇಡಿನ ಸಂತೋಷವಾಯಿತು.

ಮತ್ತೆ ಹಾಡು. ಈ ಸಲ ಅವನ ಕಣ್ಣು ಕುರ್ಚಿಗಳನ್ನೇ ನೋಡುತ್ತಿತ್ತು. ಮುಂದೆ ಸಾಹೇಬರ ಬೋಳುತಲೆ, ಅದರಾಚೆ ಸೆರಗು ಬಿಗಿದ ಜಯದೇವಿ.

ಹಾಡು ಫಕ್ಕನೆ ನಿಂತಿತು. ಕೊಟ್ರಪ್ಪ ಕೂತ, ಅದೇ ಕ್ಷಣಕ್ಕೆ ಸಾಹೇಬರೂ ಅದೇ ಕುರ್ಚಿಯ ಮೇಲೆ ಕೂತರು. ಅರ್ಧ ಅವನದು, ಅರ್ಧ ಅವರದು. ಸುತ್ತ ನಗು ಎದ್ದು, ಯಾರ ಜೊತೆ ಯಾರು ಕೂತಿದ್ದಾರೆಂದು ಕಂಡು ನಿಂತುಹೋಯಿತು. ಸಾಹೇಬರ ಕೋಟು ಹಿಡಿದಿದ್ದ ರಾಮದಾಸರು ಕಣ್ಣಿನಲ್ಲೇ ಏಳಿ ಏಳಿ ಎನ್ನುತ್ತಿದ್ದರು. ಏಳಬೇಕೆಂದು ಕೊಟ್ರಪ್ಪನಿಗೂ ಗೊತ್ತಿತ್ತು. ಸಾರಿ ಸಾರ್ ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಬಾಯಿಂದ ಹೊರಗೆ ಬಂದದ್ದು ಬೇರೆ.

'ಮೊದ್ಲು ಕುಂತೋನು ನಾನು,' ಅಂದ, ಕನ್ನಡದಲ್ಲಿ.

ಸಾಹೇಬರಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಅವರು ಸೊಂಟದಿಂದ ಒಮ್ಮೆ ತಳ್ಳಿದರು. ಅವನೂ ತಳ್ಳಿದ. ಅವರ ಮುಖ ಕೆಂಪಾಗಿತ್ತು. ಬೆಳಗಿನಿಂದ ಆ ಮುಖದಲ್ಲಿ ಇರದಿದ್ದ ಜೀವವೊಂದು ಅಲ್ಲಿ ಬಂದಿತ್ತು. ಆ ಹುದ್ದೆ ಕೊನೆಗೆ ಕೊಟ್ರಪ್ಪನಿಗೇ ಬಂತು. ಬಹಳ ದಿನ ಕಾಯಿಸಿ, ಬಂತು; ಬೊಂಬಾಯಿಯಲ್ಲಿ ಸಾಹೇಬರು ಇವನ ಬಗ್ಗೆ ಹಟಮಾರಿ ಎಂಬ ಒಂದೇ ಮಾತು ಹೇಳಿದರೆಂದು ರಾಮದಾಸರು ಮುಂದೆ ತಿಳಿಸಿದರು, ಅದು ಹೊಗಳಿಕೆ ಹೇಗಾಗುತ್ತದೆಂದು ತಮಗೆ ತಿಳಿಯುವುದಿಲ್ಲ ಎಂದೂ ಸೇರಿಸಿದರು. ಆದರೆ ಅದೆಲ್ಲ ಆಮೇಲಿನ ಮಾತು. ಆ ಬಿಸಿಲಿನಲ್ಲಿ, ಆ ಅರ್ಧ ಕುರ್ಚಿಯ ಮೇಲೆ, ಹುದ್ದೆ ಹೋಯಿತೆಂದೇ ಅವನು ಅಂದುಕೊಂಡಿದ್ದ. ಹೋದದ್ದಕ್ಕೆ ಏಕೆ ದುಃಖವಾಗುತ್ತಿಲ್ಲವೆಂದು ಹುಡುಕಿದ. ಹುಡುಕಲು ಪುರುಸೊತ್ತಿರಲಿಲ್ಲ, ಸಾಹೇಬರು ಮತ್ತೆ ತಳ್ಳುತ್ತಿದ್ದರು.

ವಾಸಂತಿ ತನ್ನ ಕುರ್ಚಿ ಬಿಟ್ಟು ಬರಿಗಾಲಲ್ಲಿ ಬಂದಳು. ಬಗ್ಗಿ, ತಲೆ ಓರೆ ಮಾಡಿ, ಯಾರ ಕೆಳಗೆ ಎಷ್ಟು ಕುರ್ಚಿ ಇದೆಯೆಂದು ಬಟ್ಟೆ ಅಂಗಡಿಯಲ್ಲಿ ಅಂಚು ನೋಡುವಂತೆ ಎರಡೂ ಕಡೆಯಿಂದ ನೋಡಿದಳು. ಅವಳ ಮುಖದಲ್ಲಿ ದಾಕ್ಷಿಣ್ಯ ಒಂದು ಚೂರೂ ಇರಲಿಲ್ಲ.

'ಕೊಟ್ರಪ್ಪನವರು ಔಟ್,' ಅಂದಳು.

'ಇಲ್ಲ ಮೇಡಂ,' ಅಂದ ಕೊಟ್ರಪ್ಪ. ಅವನ ದನಿ ಅವನಿಗೇ ಹೊಸದಾಗಿತ್ತು. 'ಸರಿಯಾಗಿ ನೋಡ್ರಿ.'

ಅಂಗಾಲು ನೆಲಕ್ಕೆ ಒತ್ತಿ, ಎರಡೂ ಕೈಯಿಂದ ಕುರ್ಚಿಯ ಅಂಚು ಹಿಡಿದ. ಕಣ್ಣು ಮುಚ್ಚಿ ಕೂತಿದ್ದ ಹರಿದಾಸನೂ ಒಂದು ಕಣ್ಣು ತೆರೆದು ಇತ್ತ ನೋಡಿದ. ಪಕ್ಕದ ಕುರ್ಚಿಯಲ್ಲಿ ಭದ್ರವಾಗಿ ಕೂತಿದ್ದ ಜಯದೇವಿ ಗಂಡನನ್ನು ನೋಡಿದಳು, ಸಾಹೇಬರನ್ನು ನೋಡಿದಳು, ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು.

'ಏಳಬ್ಯಾಡ್ರಿ,' ಅಂದಳು.